ಬೇರಿಯಂನ ನೆರಳಿನಿಂದ ರೇಡಿಯಂ ಹೊರಬರುವ ಬಗೆ

ಪ್ರಶ್ನೆ: ಮೇರಿ ಕ್ಯೂರಿ ರೇಡಿಯಂ ಕ್ಲೋರೈಡನ್ನು ಅದರೊಡನೆ ಬೆರೆತಿದ್ದ ಬೇರಿಯಂ ಕ್ಲೋರೈಡಿನಿಂದ ಮತ್ತೆ ಮತ್ತೆ ಹರಳುಗಟ್ಟಿಸಿಯೇ ಬೇರ್ಪಡಿಸಿದ್ದೇಕೆ? ಒಂದೇ ರಾಸಾಯನಿಕ ಹಾಕಿ ರೇಡಿಯಂ ಅನ್ನಷ್ಟೇ ಕರಗದ ಪುಡಿಯಾಗಿ ಕೆಳಗಿಳಿಸಲು ಆಗುತ್ತಿರಲಿಲ್ಲವೇ? ಅದರ ಹರಳು ತಾನಾಗಿಯೇ ಬಣ್ಣಗೆಡುವುದು ನಿಜವೇ?

ಉತ್ತರ: ಆಗುತ್ತಿರಲಿಲ್ಲ. ರೇಡಿಯಂ ಅಯಾನು ಬೇರಿಯಂ ಅಯಾನಿಗಿಂತ ತುಸುವೇ ದೊಡ್ಡದು. ಆವೇಶ ಎರಡಕ್ಕೂ ಒಂದೇ, +2. ಸಲ್ಫೇಟ್ ಹಾಕಿದರೂ ಫ್ಲೋರೈಡ್ ಹಾಕಿದರೂ ಎರಡೂ ಜೊತೆಯಾಗಿಯೇ ತಳ ಸೇರುತ್ತವೆ. ಉಳಿಯುವುದು ಕರಗುವಿಕೆಯ ಸಣ್ಣ ಅಂತರ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಬೇರಿಯಂ ಕ್ಲೋರೈಡ್ ಸುಮಾರು 36 ಗ್ರಾಂ ಕರಗಿದರೆ, ರೇಡಿಯಂ ಕ್ಲೋರೈಡ್ 24.5 ಗ್ರಾಂ ಮಾತ್ರ.

ಹಾಗಾಗಿ ಬಿಸಿ ದ್ರಾವಣ ತಣಿದಾಗ ಮೊದಲು ಕೂರುವ ಹರಳಿನಲ್ಲಿ ರೇಡಿಯಂ ಪಾಲು ಹೆಚ್ಚು. ಆದರೆ ಲವಣವೆಲ್ಲ ಹರಳಾಗಲು ಬಿಟ್ಟರೆ ಲಾಭ ಸೊನ್ನೆ. ಒಂದು ಭಾಗ ದ್ರಾವಣದಲ್ಲೇ ಉಳಿಯಬೇಕು. ಹರಳಿಗೆ ಅಂಟಿದ ದ್ರಾವಣವನ್ನು ಬಸಿಯದಿದ್ದರೆ ಬೇರಿಯಂ ಮತ್ತೆ ಒಳಗೆ ಬರುತ್ತದೆ. ಬಸಿದ ದ್ರಾವಣವನ್ನೂ ಚೆಲ್ಲುವಂತಿಲ್ಲ, ಅದನ್ನು ಅದಕ್ಕಿಂತ ಬಡವಾದ ಹಂತದ ಹರಳಿಗೆ ಸೇರಿಸಬೇಕು. ಕೊನೆಯ ಹಂತಗಳಲ್ಲಿ ಲವಣ ತೀರ ಕಡಿಮೆ ಇರುವುದರಿಂದ ನೀರಿನ ಬದಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ನೀರು ಬಳಸುತ್ತಾರೆ. ಕ್ಲೋರೈಡ್ ಅಯಾನು ಹೆಚ್ಚಿದಷ್ಟೂ ಕರಗುವಿಕೆ ತಗ್ಗುತ್ತದೆ. 1902ರಲ್ಲಿ ಕ್ಯೂರಿ ಕೈಗೆ ಸಿಕ್ಕದ್ದು ಹೀಗೆ ಬಂದ 0.1 ಗ್ರಾಂ ರೇಡಿಯಂ ಕ್ಲೋರೈಡ್.

ಜರ್ಮನಿಯ ಫ್ರೀಡ್ರಿಕ್ ಗೀಸೆಲ್ ಬ್ರೋಮೈಡಿಗೆ ಬದಲಾದರು. ಬ್ರೋಮೈಡ್ ಹರಳು ಬೇರಿಯಂಗಿಂತ ರೇಡಿಯಂ ಅನ್ನು ಇನ್ನೂ ಹೆಚ್ಚು ಆರಿಸಿಕೊಳ್ಳುತ್ತದೆ, ಹಂತಗಳ ಸಂಖ್ಯೆ ಇಳಿಯುತ್ತದೆ. ಹಾಗೆಂದು ಶೇಖರಣೆಗೂ ಅದೇ ಒಳ್ಳೆಯದೆಂದು ಭಾವಿಸಬಾರದು.

ಬಣ್ಣಗೆಡುವುದು ನಿಜ. ಹೊಸ ಹರಳು ಬಿಳಿ. ರೇಡಿಯಂ-226 ಹೊರಹಾಕುವ ಸುಮಾರು 4.8 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನ ಆಲ್ಫಾ ಕಣಗಳು ಹರಳಿನ ಜೋಡಣೆಯನ್ನು ಕೆಡಿಸಿದಾಗ ಖಾಲಿ ಜಾಗಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಬೆಳಕನ್ನು ಹೀರುತ್ತವೆ, ಅದಕ್ಕೇ ಹಳದಿ. ಬ್ರೋಮೈಡಿನಲ್ಲಿ ಬ್ರೋಮಿನ್ ಕೂಡ ನಿಧಾನವಾಗಿ ಹಾರಿಹೋಗಿ, ಗಾಳಿ ತಾಗಿದ ಲವಣ ಕಾರ್ಬೊನೇಟ್ ಆಗತೊಡಗುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು ಹರಳಿನೊಳಗಿನ ನೀರು. ವಿಕಿರಣ ಅದನ್ನು ಹೈಡ್ರೋಜನ್, ಆಕ್ಸಿಜನ್‌ಗಳಾಗಿ ಒಡೆಯುತ್ತದೆ. ಜೊತೆಗೆ ರೇಡಿಯಂ ಕ್ಷಯಿಸಿ ಹುಟ್ಟುವ ವಿಕಿರಣಶೀಲ ಅನಿಲ ರೇಡಾನ್ ಸೇರಿಕೊಳ್ಳುತ್ತದೆ; ವರ್ಷಕ್ಕೆ ಒಂದು ಗ್ರಾಂ ರೇಡಿಯಂನಿಂದ, ಅದರ ಅಲ್ಪಾಯುಷಿ ಸಂತತಿಯನ್ನೂ (ಕ್ಷಯದಿಂದ ಹುಟ್ಟಿ ಬೇಗ ಅಳಿಯುವ ಧಾತುಗಳನ್ನೂ) ಸೇರಿಸಿ, ಸುಮಾರು 0.17 ಘನ ಸೆಂಟಿಮೀಟರ್ ಹೀಲಿಯಂ ಕೂಡ. ಸರಿಯಾಗಿ ಒಣಗಿಸದೆ ಬೆಸೆದು ಮುಚ್ಚಿದ ಗಾಜಿನ ಕೊಳವೆಯಲ್ಲಿ ವರ್ಷಗಳ ಕಾಲ ಒತ್ತಡ ಏರುತ್ತದೆ. ವಿಕಿರಣದಿಂದ ಗಾಜೂ ಹದಗೆಟ್ಟಿರುತ್ತದೆ. ಹಳೆಯ ಕೊಳವೆ ಸಿಡಿದರೆ ಪುಡಿಯೂ ರೇಡಾನೂ ಕೋಣೆಯೆಲ್ಲ ಹರಡುತ್ತವೆ. ಆದ್ದರಿಂದ ಅಂಥ ಕೊಳವೆ ಕಂಡರೆ ಮುಟ್ಟದೆ, ತೆರೆಯದೆ, ದೂರ ಸರಿದು ವಿಕಿರಣ ಸುರಕ್ಷತಾ ಅಧಿಕಾರಿಗೆ ತಿಳಿಸಿ.