ಆಫ್ರಿಕಾದ ರಾಜರೇ ಸಹಿ ಹಾಕಿ ಯುರೋಪಿನವರಿಗೆ ನೆಲ ಕೊಟ್ಟರು ಅಂತಾರಲ್ಲ, ನಿಜವೇ?

ಸಹಿ ಹಾಕಿದ್ದು ನಿಜ, ಆದರೆ ಯಾವುದಕ್ಕೆ ಅನ್ನೋದೇ ಪ್ರಶ್ನೆ. ಈಗಿನ ಜಿಂಬಾಬ್ವೆಯ ಕಥೆ ನೋಡಿ.

1888ರ ಅಕ್ಟೋಬರ್ 30ರಂದು ರಾಜಧಾನಿ ಬುಲವಾಯೊದಲ್ಲಿ ಅಲ್ಲಿನ ಎನ್‌ಡೆಬೆಲೆ ಜನರ ರಾಜ ಲೊಬೆಂಗುಲ ಒಂದು ಕಾಗದಕ್ಕೆ ತನ್ನ ಗುರುತು ಹಾಕಿದ. ಎದುರಿಗಿದ್ದವರು ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್ ಕಳಿಸಿದ್ದ ಚಾರ್ಲ್ಸ್ ರಡ್ ಮತ್ತು ಜೊತೆಗಾರರು. ಸಾವಿರ ರೈಫಲ್, ಒಂದು ಲಕ್ಷ ಗುಂಡು, ತಿಂಗಳಿಗೆ 100 ಪೌಂಡ್ ಕೊಡ್ತೀವಿ, ಬದಲಿಗೆ ನಿಮ್ಮ ರಾಜ್ಯದ ಗಣಿ ಹಕ್ಕು ಪೂರ್ತಿ ನಮಗೆ ಅಂತ ಅದರಲ್ಲಿತ್ತು. ರಾಜನಿಗೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಕಾಗದ ಓದಿ ಹೇಳಿದ್ದು ಹೆಲ್ಮ್ ಅನ್ನೋ ಪಾದ್ರಿ. ಹತ್ತಕ್ಕಿಂತ ಜಾಸ್ತಿ ಬಿಳಿಯರು ಅಗೆಯೋಕೆ ಬರಲ್ಲ, ಬಂದವರು ನಿಮ್ಮ ಕಾನೂನಿಗೆ ತಲೆಬಾಗ್ತಾರೆ ಅಂತ ಬಾಯಲ್ಲಿ ಮಾತು ಕೊಟ್ಟರು. ಕಾಗದದಲ್ಲಿ ಅದರ ಸುಳಿವೇ ಇಲ್ಲ!

ಮೋಸ ಗೊತ್ತಾದ ಮೇಲೆ ಲೊಬೆಂಗುಲ ವಿಕ್ಟೋರಿಯಾ ರಾಣಿಗೆ ದೂತರನ್ನು ಕಳಿಸಿದ, ಒಪ್ಪಂದ ಒಪ್ಪಲ್ಲ ಅಂತ ಪತ್ರವನ್ನೂ ಬರೆಸಿದ. ಏನೂ ಆಗಲಿಲ್ಲ. 1889ರಲ್ಲಿ ಅದೇ ಕಾಗದ ತೋರಿಸಿ ರೋಡ್ಸ್ ತನ್ನ ಕಂಪನಿಗೆ ರಾಣಿಯ ಸನ್ನದು, ಅಂದರೆ ಆ ನೆಲದಲ್ಲಿ ಆಡಳಿತ ನಡೆಸೋ ಅನುಮತಿ, ಗಿಟ್ಟಿಸಿಕೊಂಡ. ಮರುವರ್ಷ ಬಂದವರು ಹತ್ತು ಜನ ಅಲ್ಲ, ಬಂದೂಕು ಹೊತ್ತ ನೂರಾರು ಮಂದಿ. ಅದೇ ವರ್ಷ ರೋಡ್ಸ್ ಕೇಪ್ ಕಾಲೊನಿಯ (ಈಗಿನ ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷ್ ವಸಾಹತು) ಪ್ರಧಾನಿಯೂ ಆದ, ಅಂದರೆ ಲಾಭ ಮಾಡೋ ಕಂಪನಿಯೂ ಅವನದೇ, ಅಧಿಕಾರವೂ ಅವನದೇ. 1893ರಲ್ಲಿ ಕಂಪನಿಯ ಪಡೆ ಮ್ಯಾಕ್ಸಿಮ್ ಗನ್ ಅನ್ನೋ ಮೆಷಿನ್ ಗನ್ ಹಿಡಿದು ಯುದ್ಧಕ್ಕೆ ಹೋದಾಗ ಲೊಬೆಂಗುಲನ ರಾಜ್ಯವೇ ಮುಗಿದುಹೋಯಿತು.

ಇಷ್ಟಾದ ಮೇಲೆ ಆ ನೆಲಕ್ಕೆ ಇಟ್ಟ ಹೆಸರೇನು ಗೊತ್ತಾ? ರೋಡ್ಸ್‌ನ ಹೆಸರಲ್ಲೇ, ರೊಡೇಷಿಯಾ!