ಚೀನಾ, ಜಪಾನ್ ಧರ್ಮಗಳಲ್ಲಿ ಕಾಮವನ್ನು ಪಾಪವೆಂದು ಕಾಣುತ್ತಾರೆಯೇ?

ಪೂರ್ವ ಏಷ್ಯಾದ ಹಳೆಯ ಧರ್ಮಗಳು ಕಾಮವನ್ನು ಪಾಪವೆಂದು ದೂರವಿಟ್ಟವೇ ಅಥವಾ ಮುಕ್ತ ಮನಸ್ಸಿನಿಂದ ಒಪ್ಪಿಕೊಂಡವೇ ಎಂದು ತಾವು ಕೇಳಿದ್ದೀರಿ. ಈ ಎರಡರಲ್ಲಿ ಯಾವುದೂ ಸರಿಯಾದ ಉತ್ತರವಲ್ಲವೆಂದು ನನಗನ್ನಿಸುತ್ತದೆ. ವಂಶ ಮುಂದುವರಿಯುತ್ತದೆಯೇ, ದೇಹದ ಸತ್ತ್ವ ಉಳಿಯುತ್ತದೆಯೇ ಎಂಬ ಲೆಕ್ಕಾಚಾರವೇ ಚೀನಾದಲ್ಲಿ ಮೊದಲಿನಿಂದಲೂ ಮುಖ್ಯವಾಗಿತ್ತು. ಆ ಲೆಕ್ಕಕ್ಕೆ ಒಗ್ಗದೆ ಇಕ್ಕಟ್ಟು ತಂದದ್ದು ಭಾರತದಿಂದ ಹೋದ ಬೌದ್ಧ ಭಿಕ್ಷುಗಳ ಬ್ರಹ್ಮಚರ್ಯ.

ಸಂತಾನವಿಲ್ಲದಿರುವುದೇ ಹೆತ್ತವರಿಗೆ ಎಸಗುವ ಅತಿ ದೊಡ್ಡ ಅಪಚಾರವೆಂದು ಕನ್‌ಫ್ಯೂಷಿಯಸ್ ಪರಂಪರೆಯ ಪ್ರಾಚೀನ ಚಿಂತಕ ಮೆನ್ಷಿಯಸ್ ಹೇಳಿದ್ದ. ಹೀಗಿರುವಾಗ, ತಲೆ ಬೋಳಿಸಿಕೊಂಡು ಮನೆ ಬಿಟ್ಟವನು ಕನ್‌ಫ್ಯೂಷಿಯನ್ ವಿದ್ವಾಂಸರ ಕಣ್ಣಿಗೆ ವಿರಾಗಿಯಾಗಿ ಕಾಣದೆ, ಪೂರ್ವಜರಿಗೆ ಎಡೆಯಿಡಲು ಯಾರನ್ನೂ ಉಳಿಸದ ಮಗನಾಗಿ ಕಂಡದ್ದು ಸಹಜವೇ. ಅದೇ ವ್ಯವಸ್ಥೆ ಗಂಡಸಿಗೆ ಉಪಪತ್ನಿಯರನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟು, ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ ಮರುಮದುವೆಯಾಗದ ವಿಧವೆಯರ ಹೆಸರಿನಲ್ಲಿ ಕಲ್ಲಿನ ಕಮಾನುಗಳನ್ನು ಕಟ್ಟಿಸಿತು.

ಚೀನಾದ ಇನ್ನೊಂದು ಹಳೆಯ ಧರ್ಮವಾದ ದಾವೋ ಪಂಥದ ವಿಷಯಕ್ಕೆ ಬಂದರೆ, ಅದು ಕಾಮವನ್ನು ಮುಕ್ತವಾಗಿ ಸಂಭ್ರಮಿಸಿತು ಎಂಬ ಜನಪ್ರಿಯ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಚಾಂಗ್‌ಶಾ ನಗರದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ತೆರೆದಾಗ, ವೈದ್ಯಕೀಯ ಬರಹಗಳ ಜೊತೆಯಲ್ಲೇ ಶಯನಕಲೆಯ, ಅಂದರೆ ಸಂಭೋಗದ ವಿಧಾನಗಳ, ಬರಹಗಳೂ ಸಿಕ್ಕವು. ಇವು ಹೆಣ್ಣಿನ ತೃಪ್ತಿಯನ್ನು ಗಮನಿಸುತ್ತವೆ, ನಿಜ. ಆದರೂ ಈ ಪರಂಪರೆಯ ಗುರಿ ಬಹುಮಟ್ಟಿಗೆ ಗಂಡಸಿನ ಸತ್ತ್ವ ಸೋರದಂತೆ ಕಾಯ್ದುಕೊಂಡು ಆಯಸ್ಸು ಹೆಚ್ಚಿಸಿಕೊಳ್ಳುವುದೇ ಆಗಿತ್ತು. ಮುಂದೆ ಬಂದ ಚ್ವಾನ್‌ಜೆನ್ ಶಾಖೆಯಂತೂ ತನ್ನ ಸಾಧಕರಿಗೆ ಬ್ರಹ್ಮಚರ್ಯವನ್ನೇ ವಿಧಿಸಿತು. ಜೆಂಗ್‌ಯಿ ಶಾಖೆಯ ಪುರೋಹಿತರು ಮಾತ್ರ ಇಂದಿಗೂ ಸಂಸಾರಸ್ಥರು.

ನನ್ನನ್ನು ಹೆಚ್ಚು ಸೆಳೆಯುವುದು ಜಪಾನಿನ ಶಿನ್‌ರಾನ್ (1173–1263). 1207ರಲ್ಲಿ ಗಡೀಪಾರಾದ ಈ ಭಿಕ್ಷು, ತಾನು ಸನ್ಯಾಸಿಯೂ ಅಲ್ಲ, ಗೃಹಸ್ಥನೂ ಅಲ್ಲ ಎಂದು ಸಾರಿ, ಎಶಿನ್ನಿ ಎಂಬಾಕೆಯೊಡನೆ ಬಹಿರಂಗವಾಗಿ ಸಂಸಾರ ಮಾಡಿದ. ಮುಕ್ತಿ ಅಮಿತಾಭ ಬುದ್ಧನ ಕೃಪೆಯಿಂದಲೇ ಹೊರತು ಸ್ವಂತ ಸಾಧನೆಯಿಂದಲ್ಲ ಎಂದು ನಂಬಿದವನಿಗೆ ಬ್ರಹ್ಮಚರ್ಯ ಮುಕ್ತಿಯ ಮೆಟ್ಟಿಲಾಗಿ ಉಳಿದಿರಲಿಲ್ಲ. ಎಶಿನ್ನಿ ಬರೆದ ಪತ್ರಗಳು 1921ರಲ್ಲಿ ಕ್ಯೋಟೋದ ನಿಶಿ ಹೊಂಗಾನ್‌ಜಿ ದೇವಾಲಯದಲ್ಲಿ ದೊರೆತವು. ಗಂಡ ತೀರಿಕೊಂಡ ಮೇಲೆ ಮಗಳಿಗೆ ಬರೆದ ಒಂದು ಪತ್ರದಲ್ಲಿ, ಆತ ಕರುಣೆಯ ಬೋಧಿಸತ್ತ್ವ ಕಾನ್ನೊನ್ ಆಗಿ ತನ್ನ ಕನಸಿನಲ್ಲಿ ಕಂಡಿದ್ದನೆಂದೂ, ಅದನ್ನು ಆತನಿಗೆ ಎಂದೂ ಹೇಳಲಿಲ್ಲವೆಂದೂ ಆಕೆ ತಿಳಿಸಿದ್ದಾಳೆ. ಭಿಕ್ಷುಗಳ ಶಿಸ್ತಿನ ಸಂಹಿತೆಯಾದ ‘ವಿನಯ’ದ ನಿಯಮದಂತೆ ಭಿಕ್ಷುವಿನ ಪತನಕ್ಕೆ ಕಾರಣಳಾಗಬೇಕಿದ್ದ ಹೆಂಡತಿಯೇ ಆತನನ್ನು ಬೋಧಿಸತ್ತ್ವನೆಂದು ಕಂಡದ್ದು ಯಾವ ತರ್ಕಗ್ರಂಥಕ್ಕಿಂತಲೂ ಹೆಚ್ಚನ್ನು ಹೇಳುತ್ತದೆ.

ಜಪಾನಿನ ಉಳಿದ ಬೌದ್ಧ ಪಂಥಗಳಲ್ಲಿ ಭಿಕ್ಷುಗಳು ಮದುವೆಯಾಗುವ ಈ ಬದಲಾವಣೆ ತಂದದ್ದು ಸರ್ಕಾರ. ಭಿಕ್ಷುಗಳು ಮಾಂಸ ತಿನ್ನುವುದೂ, ಮದುವೆಯಾಗುವುದೂ, ಕೂದಲು ಬಿಡುವುದೂ ಅವರವರ ಇಷ್ಟವೆಂದು ಮೇಜಿ ಸರ್ಕಾರ 1872ರಲ್ಲಿ ಆಜ್ಞೆ ಹೊರಡಿಸಿತು. ಪಂಥಗಳ ಹಿರಿಯರು ಪ್ರತಿಭಟಿಸಿದರೂ ಮದುವೆ ರೂಢಿಯಾಯಿತು. ಇಂದು ಅಲ್ಲಿನ ಬಹಳಷ್ಟು ದೇವಾಲಯಗಳು ತಂದೆಯಿಂದ ಮಗನಿಗೆ ಬರುತ್ತವೆ. ಜಪಾನಿನ ಆಳ್ವಿಕೆಯಲ್ಲಿ ಇದೇ ರೂಢಿ ಕೊರಿಯಾದಲ್ಲೂ ಹರಡಿತ್ತು. ಸ್ವಾತಂತ್ರ್ಯದ ನಂತರ, 1954ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ವಿವಾಹಿತ ಭಿಕ್ಷುಗಳು ಮಠಗಳನ್ನು ಬಿಟ್ಟು ಹೊರಡಬೇಕೆಂದು ಹೇಳಿದ್ದರಿಂದ ಎರಡು ಬಣಗಳ ನಡುವೆ ವರ್ಷಗಟ್ಟಲೆ ಜಗಳ, ವ್ಯಾಜ್ಯಗಳು ನಡೆದವು. ಕೊನೆಗೆ ಬ್ರಹ್ಮಚಾರಿಗಳದು ಜೋಗ್ಯೆ ಪಂಥವಾಗಿಯೂ, ವಿವಾಹಿತರಿಗೂ ಅವಕಾಶವಿರುವುದು ತೇಗೋ ಪಂಥವಾಗಿಯೂ ಬೇರೆಯಾದವು.