ಬೇರಿನ ತುದಿಯಲ್ಲಿ ಕಪ್ಪು ನೆರಳು: ಹಳೆಯ ಎಕ್ಸ್‌ರೇ ಎಲ್ಲಿದೆ?

ಪ್ರಶ್ನೆ: ನನಗೆ 46 ವರ್ಷ. ಹದಿನಾಲ್ಕು ತಿಂಗಳ ಹಿಂದೆ ಕೆಳಗಿನ ಬಲಬದಿಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡೆ. ಅಂದಿನಿಂದ ಒಂದು ದಿನವೂ ನೋವಿಲ್ಲ, ಆ ಬದಿಯಲ್ಲೇ ಅಗಿಯುತ್ತೇನೆ. ಕಳೆದ ತಿಂಗಳು ಬೇರೊಂದು ಹಲ್ಲಿನ ಹುಳುಕಿಗೆಂದು ಹೊಸ ವೈದ್ಯರ ಬಳಿ ಹೋಗಿದ್ದೆ. ಅವರು ಎಕ್ಸ್‌ರೇ ನೋಡಿ, ‘ಹಳೆಯ ಹಲ್ಲಿನ ಬೇರಿನ ತುದಿಯಲ್ಲಿ ಕಪ್ಪು ನೆರಳಿದೆ, ಸೋಂಕು ಉಳಿದಿದೆ, ಕ್ಯಾಪ್ ತೆಗೆದು ಮತ್ತೆ ರೂಟ್ ಕೆನಾಲ್ ಮಾಡಬೇಕು’ ಎಂದರು. ಇನ್ನೊಬ್ಬರು ಕಾಯೋಣ ಎಂದರು. ಮೂರನೆಯವರು ಸಿಬಿಸಿಟಿ ಎಂಬ, ಹಲ್ಲು ದವಡೆಗಳನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಯಾರ ಮಾತು ಕೇಳಲಿ? ಇಷ್ಟೊಂದು ಸಲ ವಿಕಿರಣ ತಗುಲಿದರೆ ಅಪಾಯವಿಲ್ಲವೇ ಮೇಡಂ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವರು ವೈದ್ಯರಿದ್ದಾರೆ, ಮೂರು ಅಭಿಪ್ರಾಯಗಳಿವೆ. ಆದರೆ ಹದಿನಾಲ್ಕು ತಿಂಗಳ ಹಿಂದೆ, ಚಿಕಿತ್ಸೆ ಮುಗಿದ ದಿನ ತೆಗೆದ ಎಕ್ಸ್‌ರೇಯ ಮಾತು ಎಲ್ಲಿಯೂ ಇಲ್ಲ. ಮೊದಲು ಅದನ್ನು ತರಿಸಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಹಲ್ಲಿನೊಳಗಿನ ನರ ಸತ್ತು ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡರೆ, ಬೇರಿನ ತುದಿಯ ಸುತ್ತಲಿನ ಮೂಳೆ ಕರಗುತ್ತದೆ. ಮೂಳೆ ಇಲ್ಲದ ಜಾಗ ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುತ್ತದೆ. ರೂಟ್ ಕೆನಾಲ್ ಮಾಡುವವರು ಆ ಗುಳಿಯನ್ನು ಮುಟ್ಟುವುದಿಲ್ಲ. ಬೇರಿನ ನಡುವಿನ, ನರವಿದ್ದ ನಾಳದೊಳಗಿನ ಸೋಂಕನ್ನು ತೆಗೆದು ಮುಚ್ಚುತ್ತಾರೆ, ಅಷ್ಟೇ. ಗುಳಿಯನ್ನು ತುಂಬುವುದು ದೇಹದ ಕೆಲಸ, ಅದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಗಳೇ ಬೇಕು. ಅರ್ಧ ನೀರಿರುವ ಕೆರೆಯನ್ನು ಒಂದೇ ಸಲ ನೋಡಿದವರಿಗೆ ಅದು ತುಂಬುತ್ತಿದೆಯೋ ಬತ್ತುತ್ತಿದೆಯೋ ಹೇಗೆ ತಿಳಿಯಬೇಕು? ನಿಮ್ಮ ಮೂವರು ವೈದ್ಯರೂ ಕೆರೆಯನ್ನು ಒಂದೇ ಸಲ ನೋಡಿದ್ದಾರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ವೃತ್ತಿಗೆ ಬಂದ ಮೂರನೆಯ ವರ್ಷ ಶಿಕ್ಷಕಿಯೊಬ್ಬರು ಇಂಥದೇ ನೆರಳಿನೊಂದಿಗೆ ಬಂದಿದ್ದರು. ನೋವಿರಲಿಲ್ಲ. ನೆರಳು ಕಂಡೊಡನೆ ಸೋಂಕು ಎಂದೆ, ಕ್ಯಾಪ್ ಕತ್ತರಿಸಿ ತೆಗೆದೆ, ನಾಳಗಳನ್ನು ಮತ್ತೆ ಶುಚಿ ಮಾಡಿದೆ. ಕೊನೆಯ ಭೇಟಿಯ ದಿನ ಅವರು, ಕಪಾಟಿನಲ್ಲಿ ಸಿಕ್ಕಿತು ಎಂದು ಒಂದು ಸಣ್ಣ ಲಕೋಟೆ ತಂದರು. ಮೇಲೆ ಪೆನ್ಸಿಲ್‌ನಲ್ಲಿ ಬರೆದ ತಾರೀಖು, ಒಳಗೆ ಅಂಚೆ ಚೀಟಿಯಷ್ಟಗಲದ, ಹಳದಿಗಟ್ಟಿದ ಫಿಲ್ಮ್. ಅದನ್ನೂ ನಾನು ತೆಗೆದಿದ್ದ ಫಿಲ್ಮನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಇಟ್ಟೆ. ಹಳೆಯದರಲ್ಲಿ ನೆರಳು ಕಡಲೆಕಾಳಿನಷ್ಟಿತ್ತು. ನನ್ನದರಲ್ಲಿ ಸಾಸಿವೆಯಷ್ಟು. ಅದರ ಅಂಚಿನಿಂದ ಒಳಕ್ಕೆ ಜೇಡನ ಎಳೆಗಳಂತೆ ಹೊಸ ಮೂಳೆಯ ಬಿಳಿ ಗೆರೆಗಳು ಇಳಿದಿದ್ದವು. ವಾಸಿಯಾಗುತ್ತಿದ್ದ ಹಲ್ಲನ್ನು ನಾನು ತೆರೆದಿದ್ದೆ. ಅದನ್ನು ಅವರಿಗೆ ಹೇಳಿದೆ. ಹೇಳದೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಅಂದಿನಿಂದ ಹಳೆಯ ಚಿತ್ರವನ್ನು ಕೇಳದೆ ಯಾರ ಕ್ಯಾಪನ್ನೂ ತೆಗೆದಿಲ್ಲ.

ಹಳೆಯ ಎಕ್ಸ್‌ರೇ ಸಿಕ್ಕರೆ ನೀವೂ ಅದನ್ನು ನೋಡಬಹುದು. ಬೇರಿನ ನಡುವೆ ಕಾಣುವ ಬೆಳ್ಳನೆಯ ಕಡ್ಡಿ ನಾಳಕ್ಕೆ ತುಂಬಿದ ಗಟ್ಟಾ ಪರ್ಚಾ. ಎಕ್ಸ್‌ರೇಯಲ್ಲಿ ಕಾಣಲೆಂದೇ ಅದರಲ್ಲಿ ಬೇರಿಯಂ ಸಲ್ಫೇಟ್‌ನಂಥ ವಸ್ತು ಬೆರೆಸಿರುತ್ತಾರೆ. ಅದು ಬೇರಿನ ತುದಿಗಿಂತ 2 ಮಿಲಿಮೀಟರ್‌ಗೂ ಹೆಚ್ಚು ಹಿಂದೆ ನಿಂತಿದ್ದರೆ ನಾಳದ ಕೊನೆಯ ಭಾಗ ಶುಚಿಯಾಗಿದೆಯೇ ಎಂದು ಕೇಳಬೇಕಾಗುತ್ತದೆ. ಬೇರನ್ನು ಸುತ್ತುವರಿದು ಕೂದಲೆಳೆಯಂಥ ಒಂದು ಕಪ್ಪು ಗೆರೆ, ಅದರಾಚೆ ಒಂದು ತೆಳು ಬಿಳಿ ಗೆರೆ ಇರುತ್ತದೆ. ಕಪ್ಪುಗೆರೆ ಹಲ್ಲನ್ನು ಮೂಳೆಗೆ ಕಟ್ಟಿಹಾಕುವ ನಾರಿನ ಜಾಗ. ಬೇರಿನ ಬದಿಯಲ್ಲಿ ಇಳಿದು, ತುದಿಯನ್ನು ಬಳಸಿ, ಆಚೆ ಬದಿಯಲ್ಲಿ ಅದೇ ದಪ್ಪದಲ್ಲಿ ಮೇಲೇರಿದರೆ ವಾಸಿಯಾಗಿದೆ ಎನ್ನುತ್ತೇವೆ. ತುದಿಯಲ್ಲಿ ಊದಿಕೊಂಡಿದ್ದರೆ ಅದನ್ನು ಹಳೆಯ ಚಿತ್ರದೊಡನೆ ಅಳೆಯಬೇಕು. ಎರಡೂ ಚಿತ್ರಗಳನ್ನು ಹೆಚ್ಚುಕಡಿಮೆ ಒಂದೇ ಕೋನದಿಂದ ತೆಗೆದಿರಬೇಕು. ಎಕ್ಸ್‌ರೇ ಯಂತ್ರದ ಕೊಳವೆ ತುಸು ಓರೆಯಾದರೂ ನೆರಳು ಹಿಗ್ಗುತ್ತದೆ, ಕುಗ್ಗುತ್ತದೆ.

ಯುರೋಪಿನ ಎಂಡೊಡಾಂಟಿಕ್ಸ್ (ರೂಟ್ ಕೆನಾಲ್ ಚಿಕಿತ್ಸೆಯ ವಿಭಾಗ) ಸಂಘದ ಮಾರ್ಗಸೂಚಿಯಂತೆ, ನೋವಿಲ್ಲದಿದ್ದರೂ ಚಿಕಿತ್ಸೆಯಾಗಿ ಒಂದು ವರ್ಷ ಕಳೆದ ಮೇಲೆ ಕನಿಷ್ಠ ಒಮ್ಮೆಯಾದರೂ ಎಕ್ಸ್‌ರೇ ತೆಗೆದು ನೋಡಬೇಕು. ನೆರಳು ಕುಗ್ಗಿದ್ದರೂ ಪೂರ್ತಿ ಮಾಯವಾಗಿರದಿದ್ದರೆ ನಾಲ್ಕು ವರ್ಷದವರೆಗೂ ಗಮನಿಸಬಹುದು. ಹಾಗಾಗಿ ನೆರಳು ಚಿಕ್ಕದಾಗಿದ್ದು, ಹಲ್ಲನ್ನು ತಟ್ಟಿದಾಗ ನೋವಿಲ್ಲದಿದ್ದರೆ, ಒಸಡಿನ ಮೇಲೆ ಕೀವಿನ ಗುಳ್ಳೆಯಿಲ್ಲದಿದ್ದರೆ, ‘ಕಾಯೋಣ’ ಎಂದವರೊಡನೆ ನಾನೂ ಇದ್ದೇನೆ. ಇನ್ನೊಂದು ವರ್ಷ ಬಿಟ್ಟು ಮತ್ತೆ ನೋಡಿ. ದೊಡ್ಡದಾಗಿದ್ದರೆ, ಅಥವಾ ಮೊದಲು ನೆರಳೇ ಇಲ್ಲದ ಕಡೆ ಈಗ ಕಾಣಿಸಿಕೊಂಡಿದ್ದರೆ, ಮರುಚಿಕಿತ್ಸೆ ಬೇಕೆಂದವರು ಸರಿ. ಹಳೆಯ ಚಿತ್ರ ಸಿಗಲೇ ಇಲ್ಲವೆಂದರೆ ಈಗಿನದನ್ನೇ ಮೊದಲನೆಯದೆಂದು ಜೋಪಾನವಾಗಿಟ್ಟು, ಆರು ತಿಂಗಳಿಗೆ ಇನ್ನೊಂದು ತೆಗೆಸಿ. ಅಷ್ಟರಲ್ಲಿ ನೋವೋ ಊತವೋ ಬಂದರೆ ಕಾಯಬೇಡಿ.

ಸ್ಕ್ಯಾನ್ ನಿಮಗೆ ಈಗ ಬೇಕಿಲ್ಲ. ಎರಡು ಸಾಧಾರಣ ಎಕ್ಸ್‌ರೇಗಳು ಉತ್ತರಿಸಬಹುದಾದ ಪ್ರಶ್ನೆ ನಿಮ್ಮದು.

ವಿಕಿರಣದ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಲ್ಲಿನ ಎಕ್ಸ್‌ರೇಗೆ ದಾರಿ ತೋರಿದವರಲ್ಲಿ ಒಬ್ಬರಾದ ಅಮೆರಿಕದ ದಂತವೈದ್ಯ ಎಡ್ಮಂಡ್ ಕೆಲ್ಸ್ ಆ ಕಿರಣಗಳಿಗೆ ತಮ್ಮ ಬೆರಳುಗಳನ್ನು, ಕೊನೆಗೆ ತೋಳನ್ನೇ ಕಳೆದುಕೊಂಡರು. ಎಕ್ಸ್‌ರೇ ನೋಡುವಾಗ ಅವರು ನೆನಪಾಗುತ್ತಾರೆ. ಆದರೆ ಇಂದಿನ ಲೆಕ್ಕ ಬೇರೆ. ಮಣ್ಣು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೇಳು ಮೈಕ್ರೋಸೀವರ್ಟ್ ವಿಕಿರಣ ತಾನಾಗಿಯೇ ತಗುಲುತ್ತದೆ. ಡಿಜಿಟಲ್ ಸೆನ್ಸರ್ ಇಟ್ಟು ತೆಗೆದ ಒಂದು ಹಲ್ಲಿನ ಎಕ್ಸ್‌ರೇ ಸಾಮಾನ್ಯವಾಗಿ ಅಂಥ ಒಂದು ದಿನದ ಆಸುಪಾಸಿನಲ್ಲಿರುತ್ತದೆ. ಸಿಬಿಸಿಟಿಯಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಯಂತ್ರಕ್ಕೂ ಚಿತ್ರಿಸುವ ಜಾಗದ ಅಗಲಕ್ಕೂ ತಕ್ಕಂತೆ ಬದಲಾಗುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಗಟ್ಟಿ ಪದಾರ್ಥ ಕಚ್ಚಿದರೆ ಈಗಲೂ ಒಳಗೆಲ್ಲೋ ನೋಯುತ್ತದೆ. ಎಕ್ಸ್‌ರೇ ತೆಗೆದಾಗಲೆಲ್ಲ ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ಇದು ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಎರಡು ವರ್ಷ ಒಂದೇ ಹಲ್ಲು ನೋಯುತ್ತಿದೆ ಎಂದು ರೋಗಿ ಹೇಳಿದರೆ ನಾನು ಎಕ್ಸ್‌ರೇಗಿಂತ ಮೊದಲು ರೋಗಿಯನ್ನು ನಂಬುತ್ತೇನೆ. ಮೇಲಿನ ಮೊದಲ ದವಡೆ ಹಲ್ಲಿಗೆ ಸಾಧಾರಣವಾಗಿ ಮೂರು ಬೇರುಗಳು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ನಾಳಗಳಿರುತ್ತವೆ. ಎರಡನೆಯದು ಸೂಜಿಮೊನೆಯಷ್ಟು ಸಣ್ಣದು, ಬಹಳ ಸಲ ತಪ್ಪಿಹೋಗುವುದು ಅದೇ. ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಅದು ಮೊದಲ ನಾಳದ ಬೆನ್ನ ಹಿಂದೆ ಅಡಗುತ್ತದೆ. ಜೊತೆಗೆ ಕೆನ್ನೆಮೂಳೆಯ ನೆರಳು ಬೇರುಗಳ ಮೇಲೆ ಬಿದ್ದು ತುದಿಯನ್ನು ಮಸುಕಾಗಿಸಬಹುದು. ಮೂಳೆಯ ಒಳಗಿನ ಮೃದು ಭಾಗದಲ್ಲಷ್ಟೇ ಕರಗುವಿಕೆ ಇದ್ದರೆ, ಹೊರಪದರ ಗಟ್ಟಿಯಾಗಿರುವವರೆಗೆ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು.

ಮೊದಲು ಕೊಳವೆಯನ್ನು ಪಕ್ಕಕ್ಕೆ ಸುಮಾರು 20 ಡಿಗ್ರಿ ತಿರುಗಿಸಿ ಇನ್ನೊಂದು ಎಕ್ಸ್‌ರೇ ತೆಗೆಸಿ. ತುಂಬಿದ ಬಿಳಿ ಕಡ್ಡಿ ಬೇರಿನ ನಡುವೆ ನಿಲ್ಲದೆ ಒಂದು ಬದಿಗೆ ಸರಿದು ಕಂಡರೆ, ಇನ್ನೊಂದು ನಾಳ ಖಾಲಿ ಉಳಿದಿರಬಹುದು. ನಿಮ್ಮಂಥವರಿಗೇ ಸಿಬಿಸಿಟಿ ಇರುವುದು. ಆ ಒಂದೆರಡು ಹಲ್ಲಿನ ಜಾಗಕ್ಕೆ ಮಾತ್ರ, ಚಿಕ್ಕ ವ್ಯಾಪ್ತಿಯಲ್ಲಿ ಮಾಡಿಸಿ; ಇಡೀ ದವಡೆ ಬೇಡ. ಒಂದು ಎಚ್ಚರಿಕೆ: ಗಟ್ಟಾ ಪರ್ಚಾ ಮತ್ತು ಲೋಹದ ಕ್ಯಾಪ್ ಸ್ಕ್ಯಾನ್‌ನಲ್ಲಿ ಕಪ್ಪು ಬಿಳಿ ಗೀರುಗಳನ್ನು ಎಬ್ಬಿಸುತ್ತವೆ. ಅಂಥ ಒಂದು ಗೀರನ್ನೇ ಬೇರಿನ ಬಿರುಕೆಂದು ಓದಿ ಹಲ್ಲು ಕೀಳಲು ಹೊರಟರೆ ತಡೆಯಿರಿ. ಬಿರುಕಿದ್ದರೆ ಆ ಬೇರಿನ ಪಕ್ಕದಲ್ಲಿ, ಒಂದೇ ಒಂದು ಕಡೆ, ಒಸಡಿನೊಳಗೆ ಅಳತೆಯ ಕಡ್ಡಿ ಆಳಕ್ಕೆ ಇಳಿಯುತ್ತದೆ. ಅದನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ.

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ. ರೂಟ್ ಕೆನಾಲ್ ಆಗಿ ವರ್ಷವಾಯಿತು, ತಪಾಸಣೆಯ ಎಕ್ಸ್‌ರೇಗೆ ಬರಲು ಹೇಳಿದ್ದಾರೆ. ಹೋಗಲೇ?

ಉತ್ತರ: ನೋವು, ಊತ ಇಲ್ಲದಿದ್ದರೆ ಹೆರಿಗೆಯ ನಂತರ ಹೋಗಿ, ವಾಸಿಯಾಗುವ ಮೂಳೆ ಆ ಕೆಲವು ತಿಂಗಳಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ನೋವು ಬಂದರೆ ಮಾತ್ರ ಮುಂದೂಡಬೇಡಿ. ಕಿರಣ ಬೀಳುವುದು ದವಡೆಯ ಒಂದು ಸಣ್ಣ ಜಾಗಕ್ಕೆ, ಮಗುವಿನತ್ತ ಹೋಗುವುದು ತೀರಾ ಅತ್ಯಲ್ಪ. ಕೀವು ತುಂಬಿದ ಹಲ್ಲನ್ನು ಹಾಗೆಯೇ ಬಿಡುವುದು ನಿಮಗೂ ಮಗುವಿಗೂ ಹೆಚ್ಚು ಕೆಟ್ಟದ್ದು. ಗರ್ಭಿಣಿ ಎಂಬುದನ್ನು ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಹೇಳಿ.